ಸಿಗ್ನಲಿಂಗ್ ಪ್ರೋಟೀನ್ ಕುಟುಂಬದ ವಂಶವೃಕ್ಷ ಕಟ್ಟೋದು ಹೇಗೆ: ಡೊಮೇನ್ ಆರಿಸೋದ್ರಿಂದ ಕೊನೇ ವಾಕ್ಯದವರೆಗೆ

ಒಂದಷ್ಟು ಸೀಕ್ವೆನ್ಸ್ (ಪ್ರೋಟೀನ್‌ನ ಅಮೈನೋ ಆಮ್ಲಗಳ ಸಾಲು) ಡೌನ್‌ಲೋಡ್ ಮಾಡಿ, ಅಲೈನ್ ಮಾಡಿ (ಹೊಂದೋ ಅಕ್ಷರಗಳು ಒಂದರ ಕೆಳಗೊಂದು ಬರೋ ಹಾಗೆ ಜೋಡಿಸಿ), ಟ್ರೀ ಪ್ರೋಗ್ರಾಂ ಓಡ್ಸಿದ್ರೆ ಏನೋ ಒಂದು ಟ್ರೀ ಬಂದೇ ಬರತ್ತೆ. ತೊಂದ್ರೆ ಇರೋದೇ ಅಲ್ಲಿ. ನೀವು ಕೊಟ್ಟ ಡೇಟಾಗೆ ಅರ್ಥ ಇಲ್ಲ ಅಂತ ಸಾಫ್ಟ್‌ವೇರ್ ಯಾವತ್ತೂ ಹೇಳಲ್ಲ, ಕಸ ಹಾಕಿದ್ರೂ ಚೆಂದದ ಕೊಂಬೆಗಳನ್ನ ಬಿಡಿಸಿ ಕೊಡತ್ತೆ. ಕೈನೇಸ್, ರಾಸ್, ವಿಂಟ್, ನಾಚ್ ಇಂಥ ಸಿಗ್ನಲಿಂಗ್ ಕುಟುಂಬಗಳು (ಜೀವಕೋಶಗಳಲ್ಲಿ ಸಂದೇಶ ಸಾಗಿಸೋ ಪ್ರೋಟೀನ್‌ಗಳು) ಪ್ರಾಣಿ, ಸಸ್ಯ, ಫಂಗಸ್, ಏಕಕೋಶಿಗಳಲ್ಲಿ ಹೇಗೆ ಹರಡಿಕೊಂಡ್ವು ಅಂತ ಹುಡುಕೋಕೆ ಹೊರಟವರಲ್ಲಿ ಹೆಚ್ಚಿನವರು ಎಡವೋದು ಟ್ರೀ ಹಂತದಲ್ಲಿ ಅಲ್ಲ, ಅದಕ್ಕಿಂತ ಮೂರ್ನಾಲ್ಕು ಹೆಜ್ಜೆ ಹಿಂದೆ. ಆದ್ರೆ ಟ್ರೀ ಸರಿ ಬರ್ಲಿಲ್ಲ ಅಂತ ಮಾಡೆಲ್ (ಅಮೈನೋ ಆಮ್ಲಗಳು ಹೇಗೆ ಬದಲಾಗ್ತವೆ ಅನ್ನೋ ಗಣಿತದ ಲೆಕ್ಕ) ಬದಲಾಯಿಸ್ತಾ ಕೂತಿರ್ತಾರೆ.

ಅದಕ್ಕೇ ಇಲ್ಲಿ ಹಂತಗಳ ಕ್ರಮಕ್ಕೆ ಜಾಸ್ತಿ ಒತ್ತು ಕೊಟ್ಟಿದೀನಿ. ಉದಾಹರಣೆಗೆ ಉದ್ದಕ್ಕೂ ಟೈರೋಸಿನ್ ಕೈನೇಸ್ (ಪ್ರೋಟೀನ್‌ಗಳ ಟೈರೋಸಿನ್ ಅನ್ನೋ ಅಮೈನೋ ಆಮ್ಲಕ್ಕೆ ಫಾಸ್ಫೇಟ್ ಅಂಟಿಸೋ ಪ್ರೋಟೀನ್) ಕುಟುಂಬವನ್ನೇ ಇಟ್ಕೊಳ್ತೀನಿ, ಯಾಕಂದ್ರೆ ಈ ಕೆಲಸದಲ್ಲಿ ಆಗಬಹುದಾದ ಬಹುತೇಕ ಎಲ್ಲ ತಪ್ಪೂ ಆ ಒಂದೇ ಕುಟುಂಬದಲ್ಲಿ ಸಿಗತ್ತೆ.

## ಶುರು ಮಾಡೋ ಮುಂಚೆ: ಏನೇನು ಬೇಕು

ಪ್ರೋಟೀನ್ ಡೇಟಾಗೆ ಯೂನಿಪ್ರಾಟ್ ಮತ್ತು ಎನ್‌ಸಿಬಿಐ, ಹೆಸರೇ ಕೇಳದ ಏಕಕೋಶಿಗಳಿಗೆ ಯೂಕ್‌ಪ್ರಾಟ್. ಡೊಮೇನ್ (ಪ್ರೋಟೀನ್‌ನೊಳಗೆ ತನ್ನದೇ ಆಕಾರ ಇರೋ ತುಂಡು) ನೋಡೋಕೆ ಇಂಟರ್‌ಪ್ರೋ, ಡೊಮೇನ್ ಕುಟುಂಬಗಳ ಸಂಗ್ರಹ ಪೀಫ್ಯಾಮ್ ಕೂಡ ಈಗ ಅದರೊಳಗೇ ಇದೆ. ಹುಡುಕೋಕೆ ಹಮ್ಮರ್ ಮತ್ತು ಬ್ಲಾಸ್ಟ್, ಅಲೈನ್ ಮಾಡೋಕೆ ಮಾಫ್ಟ್, ಕಣ್ಣಲ್ಲಿ ನೋಡೋಕೆ ಜಾಲ್‌ವ್ಯೂ ಅಥವಾ ಅಲಿವ್ಯೂ, ಅಲೈನ್‌ಮೆಂಟ್‌ನ ನಂಬಲಾಗದ ಕಾಲಂ ಕತ್ತರಿಸೋಕೆ (ಟ್ರಿಮ್) ಟ್ರಿಮ್‌ಎಎಲ್, ಟ್ರೀಗೆ ಐಕ್ಯೂ-ಟ್ರೀ. ಎಲ್ಲವೂ ಉಚಿತ. 200 ಸೀಕ್ವೆನ್ಸ್ ಒಳಗಿನ ಕೆಲಸಕ್ಕೆ ಸಾಧಾರಣ ಲ್ಯಾಪ್‌ಟಾಪ್ ಸಾಕು. ಕಮಾಂಡ್ ಲೈನ್ ಅಂದ್ರೆ ಭಯ ಇರೋರು ಮೊದಲು ಅದನ್ನ ಒಂದಿಷ್ಟು ರೂಢಿ ಮಾಡ್ಕೊಳ್ಳಿ, ಬ್ರೌಸರ್‌ನಲ್ಲೇ ಎಲ್ಲಾ ಮುಗಿಸ್ತೀನಿ ಅಂದ್ರೆ ನಾಳೆ ನೀವು ಮಾಡಿದ್ದನ್ನ ನೀವೇ ಇನ್ನೊಂದ್ಸಲ ಮಾಡೋಕಾಗಲ್ಲ.

ಇನ್ನೊಂದು ಟೆಕ್ಸ್ಟ್ ಫೈಲ್ ತೆರೆದಿಟ್ಕೊಳ್ಳಿ. ಯಾವ ದಿನ ಯಾವ ಡೇಟಾಬೇಸ್‌ನ ಯಾವ ವರ್ಷನ್ ತಗೊಂಡ್ರಿ, ಯಾವ ಸೀಕ್ವೆನ್ಸ್ ಯಾಕೆ ಕಿತ್ತು ಹಾಕಿದ್ರಿ, ಎಲ್ಲಾ ಅದರಲ್ಲಿ.

## ಹಂತ 1: ಯಾವುದರ ವಯಸ್ಸು ಕೇಳ್ತಿದೀರಿ ಅಂತ ಬರೆದಿಡಿ

"ನಾಚ್ ಸಿಗ್ನಲಿಂಗ್ ಯಾವಾಗ ಹುಟ್ಟಿತು" ಅನ್ನೋದು ಒಂದು ಪ್ರಶ್ನೆ ಅಲ್ಲ, ಮೂರು. ಅದರ ಡೊಮೇನ್‌ಗಳು ಯಾವಾಗ ಬಂದ್ವು, ಆ ಡೊಮೇನ್‌ಗಳು ಇದೇ ಜೋಡಣೆಯಲ್ಲಿ ಒಂದೇ ಜೀನ್‌ನಲ್ಲಿ ಯಾವಾಗ ಸೇರಿದ್ವು, ಆ ಜೀನ್ ತನ್ನ ಲಿಗ್ಯಾಂಡ್ (ಬಂದು ಅಂಟೋ ಸಂದೇಶದ ಅಣು) ಮತ್ತು ಒಳಗಿನ ಸಂಗಡಿಗರ ಜೊತೆ ಸಂದೇಶ ಸಾಗಿಸೋ ಪಾತ್‌ವೇ ಆಗಿ ಯಾವಾಗ ಕೆಲಸ ಶುರು ಮಾಡ್ತು. 2008ರಲ್ಲಿ ಮೊನೋಸೀಗಾ ಬ್ರೆವಿಕೋಲಿಸ್ ಅನ್ನೋ ಕೋಆನೋಫ್ಲ್ಯಾಜೆಲೇಟ್‌ನ (ಪ್ರಾಣಿಗಳ ಏಕಕೋಶಿ ನೆಂಟ) ಜೀನೋಮ್ ಬಂದಾಗ ನಾಚ್‌ನ ಇಜಿಎಫ್ ಭಾಗ, ನಾಚ್‌ಗೇ ವಿಶೇಷವಾದ ಭಾಗ, ಆಂಕಿರಿನ್ ಭಾಗ ಎಲ್ಲವೂ ಆ ಏಕಕೋಶಿಯಲ್ಲಿ ಸಿಕ್ಕಿದ್ವು, ಆದ್ರೆ ಬೇರೆ ಬೇರೆ ಪ್ರೋಟೀನ್‌ಗಳಲ್ಲಿ. ಪೂರ್ತಿ ನಾಚ್ ಪ್ರೋಟೀನ್ ಅಲ್ಲಿ ಇರ್ಲಿಲ್ಲ. ಅಂದ್ರೆ ಡೊಮೇನ್ ಲೆಕ್ಕದಲ್ಲಿ ಪ್ರಾಣಿಗಳಿಗಿಂತ ಹಳೇದು, ಜೀನ್ ಲೆಕ್ಕದಲ್ಲಿ ಪ್ರಾಣಿಗಳದ್ದು.

ಈ ಮೂರರಲ್ಲಿ ನಿಮ್ಮದು ಯಾವುದು ಅಂತ ಒಂದು ಸಾಲಲ್ಲಿ ಬರೀರಿ. ಬರೆಯೋಕಾಗ್ತಿಲ್ಲ ಅಂದ್ರೆ ಡೌನ್‌ಲೋಡ್ ಬಟನ್ ಹತ್ರ ಇನ್ನೂ ಹೋಗ್ಬೇಡಿ.

## ಹಂತ 2: ಅಳತೆಯ ಘಟಕ ಡೊಮೇನ್, ಇಡೀ ಪ್ರೋಟೀನ್ ಅಲ್ಲ

ಅತಿ ಹೆಚ್ಚು ಜನ ಕೆಡೋದು ಇಲ್ಲೇ, ಆದ್ರಿಂದ ನಿಧಾನಕ್ಕೆ ಓದಿ.

ಸಿಗ್ನಲಿಂಗ್ ಪ್ರೋಟೀನ್‌ಗಳು ಬೇರೆ ಬೇರೆ ಕಡೆಯ ಬಟ್ಟೆ ತುಂಡುಗಳನ್ನ ಸೇರಿಸಿ ಹೊಲಿದ ಕೌದಿ ಇದ್ದ ಹಾಗೆ. ಸಾರ್ಕ್ ಅನ್ನೋ ಟೈರೋಸಿನ್ ಕೈನೇಸ್ ತಗೊಳ್ಳಿ, ಎಸ್‌ಎಚ್3, ಎಸ್‌ಎಚ್2, ಆಮೇಲೆ ಕೈನೇಸ್ ಡೊಮೇನ್. ಜೀವಕೋಶದ ಪೊರೆಯಲ್ಲಿ ಕೂತು ಹೊರಗಿನ ಸಂದೇಶ ಹಿಡಿಯೋ ರಿಸೆಪ್ಟರ್ ಟೈರೋಸಿನ್ ಕೈನೇಸ್ ತಗೊಂಡ್ರೆ ಒಳಗಡೆ ಕೈನೇಸ್, ಹೊರಗಡೆ ಇಮ್ಯುನೋಗ್ಲಾಬ್ಯುಲಿನ್ ಥರದ್ದೋ, ಫೈಬ್ರೋನೆಕ್ಟಿನ್ ಥರದ್ದೋ, ಇಜಿಎಫ್ ಥರದ್ದೋ ಡೊಮೇನ್‌ಗಳ ಸಾಲು. ಈ ಪ್ರತಿಯೊಂದು ತುಂಡಿಗೂ ಅದರದ್ದೇ ಇತಿಹಾಸ ಇದೆ. ಇಡೀ ಪ್ರೋಟೀನನ್ನ ಅಲೈನ್ ಮಾಡಿದ್ರೆ ನಾಲ್ಕು ಇತಿಹಾಸಗಳನ್ನ ಕಲಸಿ ಒಂದು ಟ್ರೀ ಮಾಡಿದ ಹಾಗಾಗತ್ತೆ, ಬಂದ ಟ್ರೀ ಯಾರ ಇತಿಹಾಸವೂ ಅಲ್ಲ.

ಮಾಡಬೇಕಾದ್ದು ಇಷ್ಟು. ಎಲ್ಲ ಸದಸ್ಯರಲ್ಲೂ ಇರೋ, ಕುಟುಂಬದ ಗುರುತಾಗಿರೋ ಒಂದು ಡೊಮೇನ್ ಆರಿಸಿ, ಇಲ್ಲಿ ಸುಮಾರು 250ರಿಂದ 300 ಅಮೈನೋ ಆಮ್ಲದ ಕೈನೇಸ್ ಡೊಮೇನ್. ಇಂಟರ್‌ಪ್ರೋದಲ್ಲಿ ಅದರ ಶುರು ಮತ್ತು ಕೊನೆ ನೋಡಿ, ಆ ಭಾಗ ಮಾತ್ರ ಕತ್ತರಿಸಿ ತಗೊಳ್ಳಿ. ಎರಡೂ ಬದಿಗೆ ಐದಾರು ಅಮೈನೋ ಆಮ್ಲ ಹೆಚ್ಚಿಗೆ ಬಿಟ್ರೆ ಒಳ್ಳೇದು, ಡೊಮೇನ್ ಗಡಿ ಹೇಳೋದ್ರಲ್ಲಿ ಪ್ರೋಗ್ರಾಂಗಳು ಸ್ವಲ್ಪ ಜಿಪುಣರು.

ಒಂದೇ ಪ್ರೋಟೀನ್‌ನಲ್ಲಿ ಒಂದೇ ಡೊಮೇನ್ ಎರಡು ಸಲ ಇರಬಹುದು. ಜ್ಯಾಕ್ ಕೈನೇಸ್‌ನಲ್ಲಿ ಹಾಗೇ ಇದೆ, ಒಂದು ನಿಜವಾಗಿ ಕೆಲಸ ಮಾಡೋ ಕೈನೇಸ್, ಅದರ ಪಕ್ಕದಲ್ಲಿ ಇನ್ನೊಂದು ಸೂಡೋಕೈನೇಸ್ (ಆಕಾರ ಕೈನೇಸ್‌ದು, ಆದ್ರೆ ಆ ಕೆಲಸ ಇಲ್ಲ ಅಥವಾ ತೀರಾ ಕಮ್ಮಿ). ಎರಡನ್ನೂ ಬೇರೆ ಬೇರೆ ಹೆಸರಿಟ್ಟು ಎರಡು ಸಾಲಾಗಿ ಇಡಿ. ಒಂದು ಜೀವಿಯಿಂದ ಮೊದಲನೇದು, ಇನ್ನೊಂದರಿಂದ ಎರಡನೇದು ಹಾಕಿದ್ರೆ ಟ್ರೀಯಲ್ಲಿ ಇಲ್ಲದ ಜೀನ್ ಡೂಪ್ಲಿಕೇಶನ್ (ಒಂದು ಜೀನ್ ಎರಡಾಗೋದು) ಕಾಣ್ಸತ್ತೆ, ಆಮೇಲೆ ಅದಕ್ಕೊಂದು ಕಥೆ ಕಟ್ತೀರಿ.

ಎಲ್ಲ ಕುಟುಂಬಕ್ಕೂ ಈ ತಲೆನೋವಿಲ್ಲ. ರಾಸ್ ಥರದ ಸಣ್ಣ ಜಿಟಿಪಿಏಸ್‌ಗಳು ಹೆಚ್ಚುಕಮ್ಮಿ ಒಂದೇ ಡೊಮೇನ್, ವಿಂಟ್ ಕೂಡ ಹಾಗೇ. ಮೊದಲ ಸಲ ಮಾಡ್ತಿರೋರು ಇಂಥದ್ದರಲ್ಲಿ ಕೈ ಪಳಗಿಸ್ಕೊಳ್ಳಿ ಅಂತ ನನ್ನ ಸಲಹೆ.

## ಹಂತ 3: ಜೀವಿಗಳ ಪಟ್ಟಿ

ಮನುಷ್ಯ, ಇಲಿ, ಜೀಬ್ರಾಫಿಶ್, ಹಣ್ಣುನೊಣ, ಸಿ. ಎಲಿಗನ್ಸ್ ಹುಳ, ಯೀಸ್ಟ್, ಅರಾಬಿಡಾಪ್ಸಿಸ್. ಎಲ್ಲರೂ ತಗೊಳ್ಳೋದು ಇದೇ ಪಟ್ಟಿ, ಈ ಪ್ರಶ್ನೆಗೆ ಇದಕ್ಕಿಂತ ಕೆಟ್ಟ ಪಟ್ಟಿ ಸಿಗೋದು ಕಷ್ಟ. ನೊಣ ಮತ್ತು ಹುಳ ಎರಡೂ ಬೇಕಾದಷ್ಟು ಜೀನ್ ಕಳಕೊಂಡಿರೋ ಜೀವಿಗಳು, ಯೀಸ್ಟ್ ಅಂತೂ ಹೇಳೋದೇ ಬೇಡ. ವಿಂಟ್ ಲೆಕ್ಕ ನೋಡಿ: ಮನುಷ್ಯನಲ್ಲಿ 19, ಹಣ್ಣುನೊಣದಲ್ಲಿ 7, ಸಿ. ಎಲಿಗನ್ಸ್‌ನಲ್ಲಿ 5. ಇಷ್ಟೇ ನೋಡಿದ್ರೆ ಸರಳದಿಂದ ಸಂಕೀರ್ಣಕ್ಕೆ ಬೆಳೆದಿದೆ ಅನ್ಸತ್ತೆ. ಆದ್ರೆ ನೆಮಟೋಸ್ಟೆಲ್ಲಾ ಅನ್ನೋ ಸಮುದ್ರ ಅನಿಮೋನ್‌ನಲ್ಲಿ ಆಗ ಗೊತ್ತಿದ್ದ 12 ವಿಂಟ್ ಉಪಕುಟುಂಬಗಳಲ್ಲಿ 11 ಇವೆ ಅಂತ 2005ರಲ್ಲಿ ಗೊತ್ತಾದಾಗ ಕಥೆ ತಿರುಗಾಮುರುಗಾ ಆಯ್ತು, ವೈವಿಧ್ಯ ಮೊದಲೇ ಇತ್ತು, ನೊಣ ಹುಳಗಳು ಕಳಕೊಂಡಿದ್ದು.

ಹಾಗಾಗಿ ಪಟ್ಟಿಯನ್ನ ಹತ್ತಿರದಿಂದ ದೂರಕ್ಕೆ ಸುತ್ತು ಸುತ್ತಾಗಿ ಕಟ್ಟಿ. ಪ್ರಾಣಿಗಳಲ್ಲಿ ಕಶೇರುಕ ಒಂದೆರಡು ಸಾಕು, ಜೊತೆಗೆ ಸಮುದ್ರ ಅನಿಮೋನ್, ಸ್ಪಾಂಜ್, ಕೋಂಬ್ ಜೆಲ್ಲಿ. ಆಮೇಲೆ ಪ್ರಾಣಿಗಳ ಏಕಕೋಶಿ ನೆಂಟರು: ಕೋಆನೋಫ್ಲ್ಯಾಜೆಲೇಟ್‌ಗಳಲ್ಲಿ ಮೊನೋಸೀಗಾ ಮತ್ತು ಸ್ಯಾಲ್ಪಿಂಗೀಕಾ ರೊಸೆಟ್ಟಾ, ಕ್ಯಾಪ್ಸಾಸ್ಪೋರಾ, ಇಕ್ತಿಯೋಸ್ಪೋರಿಯದಿಂದ ಒಂದೆರಡು. ಫಂಗಸ್‌ನಲ್ಲಿ ಯೀಸ್ಟ್ ಜೊತೆಗೆ ಒಂದು ಕೈಟ್ರಿಡ್ ಇರ್ಲೇಬೇಕು. ಆಮೇಲೆ ಅಮೀಬಾ ಥರದ ಡಿಕ್ಟಿಯೋಸ್ಟೀಲಿಯಂ, ಅಕ್ಯಾಂತಮೀಬಾ, ಒಂದು ಸಸ್ಯ, ಒಂದು ಹಸಿರು ಆಲ್ಗೆ, ಇನ್ನೂ ದೂರದ ಗುಂಪುಗಳ ಫೈಟಾಫ್ತೋರಾ, ಟೆಟ್ರಾಹೈಮೀನಾ, ನೇಗ್ಲೇರಿಯಾ. ಪ್ರತಿ ದೊಡ್ಡ ಗುಂಪಿಂದ ಕನಿಷ್ಠ ಎರಡು ಇದ್ರೆ ಒಂದರಲ್ಲಿ ಜೀನ್ ಕಳೆದುಹೋಗಿದ್ರೂ ಇನ್ನೊಂದು ಕಾಪಾಡತ್ತೆ.

ಕಶೇರುಕಗಳನ್ನ ಯಾಕೆ ಕಮ್ಮಿ ಇಡ್ಬೇಕು ಅಂದ್ರೆ, ಅವುಗಳ ಪೂರ್ವಜರಲ್ಲಿ ಇಡೀ ಜೀನೋಮ್ ಡೂಪ್ಲಿಕೇಶನ್ ಆಗಿದೆ, ಹೆಚ್ಚಿನ ಮೀನುಗಳಲ್ಲಿ ಮತ್ತೊಂದು ಸಲ. ಹತ್ತು ಕಶೇರುಕ ಸೇರಿಸಿದ್ರೆ ಅರ್ಧ ಟ್ರೀ ಅವೇ ತುಂಬ್ಕೊಂಡು ನಿಮ್ಮ ನಿಜವಾದ ಪ್ರಶ್ನೆ ಮೂಲೆಗೆ ಹೋಗತ್ತೆ.

ಪ್ರತಿ ಜೀವಿಯ ಪ್ರೋಟೀನ್ ಸೆಟ್‌ಗೂ ಬುಸ್ಕೋ (ಎಲ್ಲರಲ್ಲೂ ಇರಬೇಕಾದ ಜೀನ್‌ಗಳಲ್ಲಿ ಎಷ್ಟು ಸಿಕ್ಕಿವೆ ಅಂತ ಎಣಿಸೋ ಪ್ರೋಗ್ರಾಂ) ಓಡ್ಸಿ ಪೂರ್ಣತೆ ಎಷ್ಟು ಶೇಕಡಾ ಅಂತ ಬರೆದಿಡಿ. ಹಂತ 10ರಲ್ಲಿ ಈ ಅಂಕಿ ಇಲ್ದೆ ಬಾಯಿ ಬಿಡೋಕಾಗಲ್ಲ. ಟ್ರಾನ್ಸ್‌ಕ್ರಿಪ್ಟೋಮ್ (ಜೀವಕೋಶದಲ್ಲಿದ್ದ ಆರ್‌ಎನ್‌ಎಗಳ ಸೀಕ್ವೆನ್ಸ್) ಮಾತ್ರ ಇರೋ ಜೀವಿ ಆದ್ರೆ ಪಕ್ಕದಲ್ಲಿ ಒಂದು ಗುರುತು ಹಾಕಿ, ಆ ಹೊತ್ತಲ್ಲಿ ಆನ್ ಆಗಿರದ ಜೀನ್ ಅಲ್ಲಿ ಕಾಣಲ್ಲ.

## ಹಂತ 4: ಹುಡುಕಾಟ

ಹತ್ತಿರದ ಜೀವಿಗಳಲ್ಲಿ ಬ್ಲಾಸ್ಟ್ ಸಾಕಾಗತ್ತೆ. ಇಷ್ಟು ದೂರದ ಜೀವಿಗಳಿಗೆ ಹಮ್ಮರ್ ಬೇಕು, ಅದು ಒಂದು ಸೀಕ್ವೆನ್ಸ್ ಬದಲು ಇಡೀ ಕುಟುಂಬದ ಪ್ರೊಫೈಲ್ (ಯಾವ ಜಾಗದಲ್ಲಿ ಯಾವ ಅಮೈನೋ ಆಮ್ಲ ಎಷ್ಟು ಬರತ್ತೆ ಅನ್ನೋ ಲೆಕ್ಕ) ಇಟ್ಕೊಂಡು ಹುಡುಕತ್ತೆ. ಪೀಫ್ಯಾಮ್‌ನಿಂದ ಪ್ರೊಫೈಲ್ ಇಳಿಸಿಕೊಂಡು ಎಚ್‌ಎಂಎಂಸರ್ಚ್ ಓಡ್ಸಿ, ಕಟ್-ಆಫ್‌ಗೆ ಪೀಫ್ಯಾಮ್‌ನವರೇ ಕೊಟ್ಟಿರೋ ಗ್ಯಾದರಿಂಗ್ ಥ್ರೆಶೋಲ್ಡ್ ಬಳಸಿ. ಇ-ವ್ಯಾಲ್ಯೂ (ಇಂಥ ಹಿಟ್ ಆಕಸ್ಮಿಕವಾಗಿ ಎಷ್ಟು ಬರಬಹುದು ಅನ್ನೋ ಅಂದಾಜು) ಡೇಟಾಬೇಸ್ ಗಾತ್ರದ ಮೇಲೆ ಬದಲಾಗತ್ತೆ, ಚಿಕ್ಕ ಜೀನೋಮ್‌ನಲ್ಲಿ ಬಂದ ಇ-ವ್ಯಾಲ್ಯೂನ ದೊಡ್ಡದರ ಜೊತೆ ನೇರವಾಗಿ ಹೋಲಿಸ್ಬೇಡಿ.

ಈಗ ಟೈರೋಸಿನ್ ಕೈನೇಸ್‌ನ ಕ್ಲಾಸಿಕ್ ಬಲೆ. ಪಿಎಫ್07714 ಅನ್ನೋ ಪ್ರೊಫೈಲ್ ಹೆಸರಲ್ಲಿ ಟೈರೋಸಿನ್ ಅಂತ ಇದೆ, ಅದನ್ನ ಅರಾಬಿಡಾಪ್ಸಿಸ್ ಮೇಲೆ ಓಡ್ಸಿದ್ರೆ ರಾಶಿ ರಾಶಿ ಹಿಟ್ ಬರತ್ತೆ, ಜನ ಖುಷಿಯಿಂದ ಸಸ್ಯಗಳಲ್ಲಿ ನೂರಾರು ಟೈರೋಸಿನ್ ಕೈನೇಸ್ ಅಂತ ಬರೆದುಬಿಡ್ತಾರೆ. ಅವು ಹೆಚ್ಚಿನವು ಸಸ್ಯಗಳ ರಿಸೆಪ್ಟರ್ ಥರದ ಕೈನೇಸ್‌ಗಳು, ಅರಾಬಿಡಾಪ್ಸಿಸ್‌ನಲ್ಲೇ 600ಕ್ಕೂ ಹೆಚ್ಚಿವೆ, ಪ್ರಾಣಿಗಳಲ್ಲಿ ಅವಕ್ಕೆ ಹತ್ತಿರದ ನೆಂಟ ಪೆಲ್ಲೆ ಮತ್ತು ಇರಾಕ್ ಅನ್ನೋ ಕೈನೇಸ್‌ಗಳು, ಇಜಿಎಫ್ ರಿಸೆಪ್ಟರ್ ಥರದ ಟೈರೋಸಿನ್ ಕೈನೇಸ್ ಅಲ್ಲ. ಪ್ರೊಫೈಲ್ ಹೆಸರು ನೋಡಿ ಕುಟುಂಬದ ಹೆಸರು ಕೊಡ್ಬೇಡಿ.

ಬೇರ್ಪಡಿಸೋಕೆ ಎರಡು ಪರೀಕ್ಷೆ ಮಾಡಿ. ಒಂದು, ಪ್ರತಿ ಹಿಟ್ಟನ್ನೂ ವಾಪಸ್ ಮನುಷ್ಯನ ಪೂರ್ತಿ ಕೈನೇಸ್ ಸೆಟ್ ಮೇಲೆ ಬ್ಲಾಸ್ಟ್ ಮಾಡಿ, 2002ರ ಪಟ್ಟಿಯಲ್ಲಿ 518 ಕೈನೇಸ್ ಇದ್ವು, ಅದರಲ್ಲಿ 90 ಟೈರೋಸಿನ್ ಕೈನೇಸ್. ಮೊದಲ ಹತ್ತು ಹಿಟ್‌ಗಳು ಯಾವ ಗುಂಪಿನವು ನೋಡಿ, ಮೊದಲನೇದು ಮಾತ್ರ ನೋಡಿ ನಿಲ್ಲಿಸ್ಬೇಡಿ. ಎರಡು, ಎಚ್‌ಆರ್‌ಡಿ ಅನ್ನೋ ಮೋಟಿಫ್ (ಕೈನೇಸ್‌ಗಳಲ್ಲಿ ಪದೇ ಪದೇ ಕಾಣೋ ಗುರುತಿನ ತುಣುಕು, ಒಂದೊಂದು ಅಕ್ಷರ ಒಂದೊಂದು ಅಮೈನೋ ಆಮ್ಲ) ಆದ್ಮೇಲೆ ಏನಿದೆ ನೋಡಿ. ಸೆರಿನ್-ಥ್ರಿಯೋನಿನ್ ಕೈನೇಸ್‌ಗಳಲ್ಲಿ (ಟೈರೋಸಿನ್ ಬದಲು ಸೆರಿನ್, ಥ್ರಿಯೋನಿನ್‌ಗೆ ಫಾಸ್ಫೇಟ್ ಹಾಕೋವು) ಸಾಮಾನ್ಯವಾಗಿ ಎಲ್‌ಕೆಪಿ ಬರತ್ತೆ, ಟೈರೋಸಿನ್ ಕೈನೇಸ್‌ಗಳಲ್ಲಿ ಎಲ್‌ಎಎಆರ್ ಅಥವಾ ಎಲ್‌ಆರ್‌ಎಎ. ಇದು ಸುಳಿವು ಅಷ್ಟೇ, ಕೊನೇ ತೀರ್ಮಾನ ಟ್ರೀಯದ್ದು.

ಬ್ಯಾಕ್ಟೀರಿಯಾದಲ್ಲೂ ಟೈರೋಸಿನ್ ಕೈನೇಸ್ ಅಂತ ಹೆಸರಿರೋ ಪ್ರೋಟೀನ್‌ಗಳಿವೆ. ಬಿವೈ-ಕೈನೇಸ್ ಅಂತಾರೆ, ಮಾಡೋ ಕೆಲಸ ಅದೇ ಆದ್ರೂ ರಚನೆ, ಮೂಲ ಪೂರ್ತಿ ಬೇರೆ. ಇವನ್ನ ಔಟ್‌ಗ್ರೂಪ್ (ಟ್ರೀಗೆ ಬೇರು ಹುಡುಕೋಕೆ ಸೇರಿಸೋ ಹೊರಗಿನ ನೆಂಟ) ಅಂತ ಹಾಕಿದ್ರೆ ಆಟ ಮುಗೀತು.

## ಹಂತ 5: ಕಸ ತೆಗೆಯೋದು

ಒಂದು ಜೀನ್‌ಗೆ ಒಂದೇ ಐಸೋಫಾರ್ಮ್ (ಅದೇ ಜೀನ್‌ನಿಂದ ಬರೋ ಪ್ರೋಟೀನ್‌ನ ಬೇರೆ ಬೇರೆ ರೂಪಗಳಲ್ಲಿ ಒಂದು) ಇಡಿ. ಡೊಮೇನ್‌ನ ಮೂರನೇ ಎರಡು ಭಾಗಕ್ಕಿಂತ ಕಮ್ಮಿ ಇರೋ ತುಂಡುಗಳನ್ನ ತೆಗೀರಿ, ಆದ್ರೆ ತೆಗೆದಿದ್ದನ್ನ ಫೈಲ್‌ನಲ್ಲಿ ಬರೆದಿಡಿ. ಒಂದೇ ಜೀವಿಯೊಳಗೆ ಹೆಚ್ಚುಕಮ್ಮಿ ನಕಲು ಅನ್ನೋಂಥವನ್ನ ಸಿಡಿ-ಹಿಟ್‌ನಿಂದ ಒಟ್ಟು ಮಾಡಿ.

ಕಾಂಟ್ಯಾಮಿನೇಶನ್ (ಬೇರೆ ಜೀವಿಯ ಡಿಎನ್‌ಎ ಬೆರಕೆ) ಬಗ್ಗೆ ಹುಷಾರು. 2015ರಲ್ಲಿ ಒಂದು ಟಾರ್ಡಿಗ್ರೇಡ್ (ನೀರುಕರಡಿ ಅನ್ನೋ ಸೂಕ್ಷ್ಮ ಪ್ರಾಣಿ) ಜೀನೋಮ್ ಬಂತು, ಅದರ ಜೀನ್‌ಗಳಲ್ಲಿ ಸುಮಾರು ಆರನೇ ಒಂದು ಭಾಗ ಬೇರೆ ಜೀವಿಗಳಿಂದ ಅಡ್ಡದಾರಿಯಲ್ಲಿ ಬಂದಿದ್ದು ಅಂತ ದೊಡ್ಡ ಸುದ್ದಿ ಆಯ್ತು. ಸ್ವಲ್ಪ ದಿನದಲ್ಲೇ ಇನ್ನೊಂದು ತಂಡ ಅದೇ ಜೀವಿಯ ಬೇರೆ ಜೀನೋಮ್ ತೋರಿಸಿ ಅದರಲ್ಲಿ ಹೆಚ್ಚಿನದು ಸ್ಯಾಂಪಲ್‌ನಲ್ಲಿದ್ದ ಬ್ಯಾಕ್ಟೀರಿಯಾದ್ದು ಅಂತ ಹೇಳ್ತು. ಏಕಕೋಶಿಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ, ಬ್ಯಾಕ್ಟೀರಿಯಾ ತಿನ್ನೋ ಜೀವಿಗಳನ್ನ ಅವುಗಳ ಊಟದ ಜೊತೆಗೇ ಬೆಳೆಸ್ತಾರೆ. ಗುರುತು ಹಿಡಿಯೋದು ಹೀಗೆ: ಆ ಜೀನ್ ಕೂತಿರೋ ಕಾಂಟಿಗ್‌ನಲ್ಲಿ (ಜೋಡಿಸಿದ ಡಿಎನ್‌ಎ ತುಂಡು) ಅಕ್ಕಪಕ್ಕದ ಜೀನ್‌ಗಳು ಯಾರವು, ಇಂಟ್ರಾನ್ (ಜೀನ್ ನಡುವೆ ಬರೋ, ಪ್ರೋಟೀನ್ ಆಗದ ತುಂಡು) ಇದೆಯಾ, ಅದರ ಹತ್ತಿರದ ನೆಂಟ ಪ್ರಭೇದದಲ್ಲೂ ಇದೆಯಾ. ಮೂರಕ್ಕೂ ಉತ್ತರ ಸಿಗ್ಲಿಲ್ಲ ಅಂದ್ರೆ ಅದರ ಮೇಲೆ ಯಾವ ವಾದವನ್ನೂ ನಿಲ್ಲಿಸ್ಬೇಡಿ.

ಹೆಸರಿಡೋದು: ಜೀವಿಯ ಚುಟುಕು ಹೆಸರು, ಅಂಡರ್‌ಸ್ಕೋರ್, ಐಡಿ. ಸ್ಪೇಸ್, ಬ್ರ್ಯಾಕೆಟ್, ಕೋಲನ್ ಇದ್ರೆ ಟ್ರೀ ಫೈಲ್ ಒಡೆಯತ್ತೆ.

## ಹಂತ 6: ಅಲೈನ್ ಮಾಡಿ, ಕಣ್ಣಲ್ಲಿ ನೋಡಿ, ಆಮೇಲೆ ಟ್ರಿಮ್

ಡೊಮೇನ್ ಮಾತ್ರ ಕತ್ತರಿಸಿಕೊಂಡಿದ್ರೆ ಮಾಫ್ಟ್‌ನ ಎಲ್-ಐಎನ್‌ಎಸ್-ಐ ಒಳ್ಳೇದು, ಸುಮಾರು 200 ಸೀಕ್ವೆನ್ಸ್‌ವರೆಗೆ ಆರಾಮಾಗಿ ಆಗತ್ತೆ. ಆದ್ಮೇಲೆ ದಯವಿಟ್ಟು ತೆರೆದು ನೋಡಿ. ಎಟಿಪಿ ಹಿಡಿಯೋ ಲೈಸಿನ್, ಎಚ್‌ಆರ್‌ಡಿ, ಡಿಎಫ್‌ಜಿ, ಈ ಮೂರೂ ಒಂದೊಂದು ನೇರ ಕಂಬ ಥರ ಮೇಲಿಂದ ಕೆಳಗೆ ನಿಲ್ಲಬೇಕು. ಒಂದಿಷ್ಟು ಸಾಲುಗಳಲ್ಲಿ ಡಿಎಫ್‌ಜಿ ಐದಾರು ಕಾಲಂ ಪಕ್ಕಕ್ಕೆ ಜಾರಿದ್ರೆ ಅಲೈನ್‌ಮೆಂಟ್ ಕೆಟ್ಟಿದೆ ಅಂತ ಅರ್ಥ, ಮುಂದೆ ಹೋಗ್ಬೇಡಿ. ಯಾವುದೋ ಒಂದೇ ಸೀಕ್ವೆನ್ಸ್ ಎಲ್ಲರಲ್ಲೂ ಉದ್ದುದ್ದ ಗ್ಯಾಪ್ ಮಾಡಿಸ್ತಿದ್ರೆ ಅದು ತಪ್ಪಾಗಿ ಊಹಿಸಿದ ಜೀನ್ ಮಾಡೆಲ್ ಇರಬಹುದು.

ಡಿಎಫ್‌ಜಿ ಇಲ್ಲ, ಲೈಸಿನ್ ಇಲ್ಲ ಅಂದ ಮಾತ್ರಕ್ಕೆ ಸೀಕ್ವೆನ್ಸ್ ಎಸೀಬೇಡಿ. ಸೂಡೋಕೈನೇಸ್‌ಗಳೂ ಕುಟುಂಬದವರೇ, ಇಆರ್‌ಬಿಬಿ3 ಇಲ್ದೆ ಇಜಿಎಫ್ ರಿಸೆಪ್ಟರ್ ಕುಟುಂಬದ ಚಿತ್ರ ಅರ್ಧ. ಅಲೈನ್‌ಮೆಂಟ್ ಕೆಟ್ಟು ಮೋಟಿಫ್ ಕಾಣದಿರೋದು ಬೇರೆ, ಸುತ್ತಲಿನದೆಲ್ಲ ಸರಿ ಕೂತು ಆ ಒಂದು ಅಕ್ಷರ ಮಾತ್ರ ಬದಲಾಗಿರೋದು ಬೇರೆ.

ಟ್ರಿಮ್‌ಎಎಲ್‌ನಲ್ಲಿ ಗ್ಯಾಪಿಔಟ್ ಅನ್ನೋ ಆಯ್ಕೆ ಸಾಕು. ವಿಪರೀತ ಟ್ರಿಮ್ ಮಾಡಿದ್ರೆ ಉಳಿಯೋದು ಎಲ್ಲರಲ್ಲೂ ಒಂದೇ ಥರ ಇರೋ ಕಾಲಂಗಳು, ಅದರಿಂದ ಯಾರು ಯಾರಿಗೆ ಹತ್ತಿರ ಅಂತ ಹೇಳೋಕೆ ಮಾಹಿತಿನೇ ಇರಲ್ಲ. ಕೈನೇಸ್‌ನಲ್ಲಿ ಟ್ರಿಮ್ ಆದ್ಮೇಲೆ 200 ಕಾಲಂಗಿಂತ ತುಂಬಾ ಕೆಳಗೆ ಬಂದ್ರೆ ನಾನಾದ್ರೆ ಹಂತ 5ಕ್ಕೆ ವಾಪಸ್ ಹೋಗ್ತೀನಿ.

## ಹಂತ 7: ಟ್ರೀ

ಇಲ್ಲಿವರೆಗೆ ಸರಿ ಬಂದಿದ್ರೆ ಈ ಹಂತ ಸಲೀಸು. ಐಕ್ಯೂ-ಟ್ರೀಲಿ ಮಾಡೆಲ್ ಆರಿಸೋಕೆ ಮಾಡೆಲ್‌ಫೈಂಡರ್ ಓಡ್ಸಿ, ಅಲ್ಟ್ರಾಫಾಸ್ಟ್ ಬೂಟ್‌ಸ್ಟ್ರಾಪ್ 1000, ಜೊತೆಗೆ ಎಸ್‌ಎಚ್-ಎಎಲ್‌ಆರ್‌ಟಿ 1000 (ಎರಡೂ ಒಂದೊಂದು ಕೊಂಬೆ ಎಷ್ಟು ಗಟ್ಟಿ ಅಂತ ಅಳೆಯೋ ಪರೀಕ್ಷೆ). ಕೊಂಬೆಯನ್ನ ನಂಬೋಕೆ ಅಲ್ಟ್ರಾಫಾಸ್ಟ್‌ನಲ್ಲಿ 95 ಮತ್ತು ಇನ್ನೊಂದರಲ್ಲಿ 80 ಎರಡೂ ದಾಟಿರಬೇಕು. ಹಳೇ ಬೂಟ್‌ಸ್ಟ್ರಾಪ್‌ನ 70ರ ಲೆಕ್ಕ ಇಲ್ಲಿ ನಡೆಯಲ್ಲ, 78 ಬಂತು ಸಾಕು ಅಂದ್ಕೊಳ್ಳೋರು ಬಹಳ ಜನ.

ಗಮನ ಇಡಬೇಕಾದ್ದು ಲಾಂಗ್ ಬ್ರಾಂಚ್ ಅಟ್ರಾಕ್ಷನ್ ಮೇಲೆ. ವೇಗವಾಗಿ ಬದಲಾದ ಸೀಕ್ವೆನ್ಸ್‌ಗಳು ನೆಂಟಸ್ತಿಕೆ ಇಲ್ದಿದ್ರೂ ಟ್ರೀಯಲ್ಲಿ ಒಂದಕ್ಕೊಂದು ಅಂಟಿಕೊಳ್ತವೆ, ಅಥವಾ ಔಟ್‌ಗ್ರೂಪ್ ಕಡೆ ಜಾರ್ತವೆ, ಅದೂ ಒಳ್ಳೇ ಸಪೋರ್ಟ್ ಅಂಕಿ ಜೊತೆಗೆ. ಫೆಲ್ಸೆನ್‌ಸ್ಟೈನ್ 1978ರಲ್ಲೇ ಇದನ್ನ ತೋರಿಸಿದ್ರು, ಡೇಟಾ ಜಾಸ್ತಿ ಮಾಡಿದ್ರೂ ಇದು ಹೋಗಲ್ಲ, ತಪ್ಪು ಉತ್ತರವೇ ಇನ್ನೂ ಗಟ್ಟಿ ಆಗತ್ತೆ. ಪರೀಕ್ಷೆ: ತುಂಬಾ ಉದ್ದ ಕೊಂಬೆಗಳನ್ನ ಒಂದೊಂದಾಗಿ ತೆಗೆದು ಟ್ರೀ ಮತ್ತೆ ಕಟ್ಟಿ, ಉಳಿದವರ ಜಾಗ ಅಲುಗಾಡಿತಾ ನೋಡಿ. ಆಮೇಲೆ ಸಿ20 ಅಥವಾ ಸಿ60 ಥರದ ಮಿಕ್ಸ್ಚರ್ ಮಾಡೆಲ್‌ನಲ್ಲಿ (ಕಾಲಂನಿಂದ ಕಾಲಂಗೆ ಅಮೈನೋ ಆಮ್ಲದ ಒಲವು ಬೇರೆ ಅಂತ ಲೆಕ್ಕ ಹಾಕೋದು) ಇನ್ನೊಂದ್ಸಲ, ಮೆಮೊರಿ ಜಾಸ್ತಿ ತಿನ್ನತ್ತೆ ಆದ್ರೆ ತಿನ್ಲಿ. ಎರಡರಲ್ಲೂ ನಿಂತಿದ್ದು ಮಾತ್ರ ನಿಮ್ಮದು.

## ಹಂತ 8: ಬೇರು ಎಲ್ಲಿ

ಪ್ರೋಗ್ರಾಂ ಕೊಟ್ಟ ಟ್ರೀಗೆ ಬೇರಿಲ್ಲ, ಚಿತ್ರದಲ್ಲಿ ಎಡಗಡೆ ಬಂದಿದ್ದು ಹಳೇದು ಅಂತ ಓದಬಾರದು. ಟೈರೋಸಿನ್ ಕೈನೇಸ್‌ಗೆ ಅದರ ಪಕ್ಕದ ಕುಟುಂಬವಾದ ಟಿಕೆಎಲ್ (ಟೈರೋಸಿನ್ ಕೈನೇಸ್ ಥರದ್ದು) ಗುಂಪಿನ ಕೆಲವನ್ನ, ರಾಫ್ ಥರದವನ್ನ, ಔಟ್‌ಗ್ರೂಪ್ ಆಗಿ ಹಾಕಿ. ಮಿಡ್‌ಪಾಯಿಂಟ್ ರೂಟಿಂಗ್ (ಟ್ರೀಯ ಅತಿ ಉದ್ದ ದಾರಿಯ ನಡುವೆ ಬೇರಿಡೋದು) ಸುಲಭ, ಆದ್ರೆ ಎಲ್ಲ ಕೊಂಬೆ ಒಂದೇ ವೇಗದಲ್ಲಿ ಬದಲಾಗಿವೆ ಅನ್ನೋ ಊಹೆ ಅದರೊಳಗಿದೆ, ಈ ಕುಟುಂಬಗಳಲ್ಲಿ ಅದು ಬಹುತೇಕ ಸುಳ್ಳು.

ಬೇರು ಸಿಕ್ಕಮೇಲೆ ಜೀನ್ ಟ್ರೀನ ಜೀವಿಗಳ ಟ್ರೀ ಜೊತೆ ಹೊಂದಿಸಿ, ಎಲ್ಲಿ ಡೂಪ್ಲಿಕೇಶನ್, ಎಲ್ಲಿ ಲಾಸ್ ಅಂತ ಗುರುತು ಹಾಕಿ. ನೋಟಂಗ್ ಅಥವಾ ಜೆನೆರಾಕ್ಸ್ ಇದಕ್ಕಿದೆ. ಎಲ್ಲೆಲ್ಲೂ ಲಾಸ್, ಲಾಸ್, ಲಾಸ್ ಅಂತ ಬರ್ತಿದ್ರೆ ಹೆಚ್ಚಿನ ಸಲ ಜೀವಿಗಳು ಪಾಪ ಏನೂ ಕಳಕೊಂಡಿರಲ್ಲ, ಒಂದು ಕೊಂಬೆ ತಪ್ಪು ಜಾಗದಲ್ಲಿ ಕೂತಿರತ್ತೆ. ಸ್ಪಾಂಜ್ ಮತ್ತು ಕೋಂಬ್ ಜೆಲ್ಲಿಯಲ್ಲಿ ಪ್ರಾಣಿವೃಕ್ಷದಿಂದ ಮೊದಲು ಬೇರೆಯಾದವರು ಯಾರು ಅನ್ನೋ ಜಗಳ ಹಳೇದು, 2023ರಲ್ಲಿ ಕ್ರೋಮೋಸೋಮ್ ಮೇಲಿನ ಜೀನ್ ಜೋಡಣೆ ನೋಡಿದವರು ಕೋಂಬ್ ಜೆಲ್ಲಿ ಅಂದ್ರು. ನಿಮ್ಮ ತೀರ್ಮಾನ ಇದರ ಮೇಲೆ ನಿಂತಿದ್ರೆ ಎರಡೂ ಟ್ರೀ ಇಟ್ಟು ಲೆಕ್ಕ ಹಾಕಿ.

ಸರಿಯಾಗಿ ಮಾಡಿದ್ರೆ ಏನು ಕಾಣ್ಬೇಕು ಅನ್ನೋದಕ್ಕೆ ಇದೇ ಕುಟುಂಬ ಒಳ್ಳೇ ಅಳತೆಗೋಲು. ಮೊನೋಸೀಗಾ ಬ್ರೆವಿಕೋಲಿಸ್‌ನಲ್ಲಿ 128 ಟೈರೋಸಿನ್ ಕೈನೇಸ್ ಇವೆ, ಮನುಷ್ಯನಿಗಿಂತ ಜಾಸ್ತಿ. ಕ್ಯಾಪ್ಸಾಸ್ಪೋರಾದಲ್ಲಿ 103, ಅದರಲ್ಲಿ 92 ರಿಸೆಪ್ಟರ್. ಆದ್ರೆ ಟ್ರೀಯಲ್ಲಿ ಸಾರ್ಕ್ ಥರದ ಜೀವಕೋಶದೊಳಗಿನ ಕೈನೇಸ್‌ಗಳು ಏಕಕೋಶಿ ಮತ್ತು ಪ್ರಾಣಿ ಬೆರೆತು ಒಂದೇ ಗುಂಪಾಗಿ ಕೂರ್ತವೆ, ರಿಸೆಪ್ಟರ್‌ಗಳು ಮಾತ್ರ ಬಹುಮಟ್ಟಿಗೆ ಪ್ರಾಣಿಗಳದ್ದು ಬೇರೆ, ಮೊನೋಸೀಗಾದ್ದು ಬೇರೆ, ಕ್ಯಾಪ್ಸಾಸ್ಪೋರಾದ್ದು ಬೇರೆ. ಅಂದ್ರೆ ರಿಸೆಪ್ಟರ್‌ಗಳು ಪ್ರತಿ ವಂಶದಲ್ಲೂ ತಾವಾಗೇ ಬೇರೆ ಬೇರೆಯಾಗಿ ಹೆಚ್ಚಿದ್ವು. ಸಂಖ್ಯೆ ಮಾತ್ರ ನೋಡಿದ್ರೆ ಇದು ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ನಿಮ್ಮ ಟ್ರೀಯಲ್ಲಿ ಈ ಸಾರ್ಕ್ ಗುಂಪೇ ಬರ್ಲಿಲ್ಲ ಅಂದ್ರೆ ಹೊಸ ಸಂಶೋಧನೆ ಅಂದ್ಕೊಳ್ಳೋ ಮುಂಚೆ ಅಲೈನ್‌ಮೆಂಟ್ ನೋಡಿ.

## ಹಂತ 9: ಡೊಮೇನ್ ಜೋಡಣೆಯನ್ನ ಟ್ರೀ ಪಕ್ಕ ಅಂಟಿಸಿ

ಹಂತ 2ರಲ್ಲಿ ಕತ್ತರಿಸಿ ಬಿಟ್ಟ ಭಾಗಗಳು ಈಗ ವಾಪಸ್ ಬರ್ತವೆ. ಐಟಾಲ್ ಅನ್ನೋ ಟ್ರೀ ಬಿಡಿಸೋ ವೆಬ್‌ಸೈಟ್‌ನಲ್ಲಿ ಪ್ರತಿ ತುದಿಯ ಪಕ್ಕ ಪೂರ್ತಿ ಪ್ರೋಟೀನ್‌ನ ಡೊಮೇನ್ ಚಿತ್ರ ಹಾಕಿ. ಕೈನೇಸ್ ಟ್ರೀಯಲ್ಲಿ ಹತ್ತಿರ ಇದ್ದು ಜೋಡಣೆ ಬೇರೆ ಇದ್ರೆ ತುಂಡು ಅದಲುಬದಲಾಗಿದೆ, ಟ್ರೀಯಲ್ಲಿ ದೂರ ಇದ್ದು ಜೋಡಣೆ ಒಂದೇ ಥರ ಇದ್ರೆ ಎರಡು ಸಲ ಬೇರೆ ಬೇರೆಯಾಗಿ ಆಗಿರೋ ಸಾಧ್ಯತೆ ಇದೆ. ಇಜಿಎಫ್ ಥರದ ಚಿಕ್ಕ, ಪದೇ ಪದೇ ಬರೋ ಡೊಮೇನ್‌ಗಳ ಸಂಖ್ಯೆ ನೋಡಿ ನೆಂಟಸ್ತಿಕೆ ಹೇಳ್ಬೇಡಿ.

ಜೀನ್ ಇದೆ ಅಂದ್ರೆ ಕೆಲಸವೂ ಅದೇ ಅಂತಲ್ಲ. ಪ್ರಾಣಿಗಳಲ್ಲಿ ಸಿಎಸ್‌ಕೆ ಅನ್ನೋ ಕೈನೇಸ್ ಸಾರ್ಕ್‌ನ ಬಾಲಕ್ಕೆ ಫಾಸ್ಫೇಟ್ ಹಾಕಿ ಅದನ್ನ ಸುಮ್ನಾಗಿಸತ್ತೆ. ಮೊನೋಸೀಗಾ ಓವಾಟಾದಲ್ಲಿ ಎರಡೂ ಇವೆ, ಫಾಸ್ಫೇಟ್ ಕೂಡ ಹಾಕತ್ತೆ, ಆದ್ರೂ ಸಾರ್ಕ್ ಅಷ್ಟಾಗಿ ಸುಮ್ನಾಗಲ್ಲ ಅಂತ 2006ರ ಪ್ರಯೋಗದಲ್ಲಿ ಕಂಡುಬಂತು. ಸ್ವಿಚ್‌ನ ಭಾಗಗಳು ಮೊದಲು ಬಂದ್ವು, ಸ್ವಿಚ್ ಆಗಿ ಬಿಗಿಯಾಗಿದ್ದು ಆಮೇಲೆ. ಡಿಕ್ಟಿಯೋಸ್ಟೀಲಿಯಂನಲ್ಲಿ ಎಸ್‌ಎಚ್2 (ಫಾಸ್ಫೇಟ್ ಹತ್ತಿದ ಟೈರೋಸಿನ್ ಹಿಡಿಯೋ) ಡೊಮೇನ್, ಅದನ್ನ ಹೊಂದಿರೋ ಸ್ಟ್ಯಾಟ್ ಪ್ರೋಟೀನ್ ಎರಡೂ ಇವೆ, ಕ್ಲಾಸಿಕ್ ಟೈರೋಸಿನ್ ಕೈನೇಸ್ ಇಲ್ಲ, ಟೈರೋಸಿನ್‌ಗೆ ಫಾಸ್ಫೇಟ್ ಹಾಕೋ ಕೆಲಸವನ್ನ ಟಿಕೆಎಲ್ ಕೈನೇಸ್‌ಗಳು ಮಾಡ್ತವೆ.

## ಹಂತ 10: "ಇಲ್ಲ" ಅಂತ ಬರೆಯೋ ಮುಂಚೆ

ಇದೆ ಅಂತ ತೋರಿಸೋಕೆ ಒಂದು ಸೀಕ್ವೆನ್ಸ್ ಸಾಕು. ಇಲ್ಲ ಅನ್ನೋಕೆ ಬೇಕಾದ್ದು ಇಷ್ಟು: ಆ ಜೀವಿಯ ಬುಸ್ಕೋ ಪೂರ್ಣತೆ ಚೆನ್ನಾಗಿರಬೇಕು, ಹಮ್ಮರ್‌ನಲ್ಲಿ ಸಿಗದಿದ್ದು ಪ್ರೋಟೀನ್ ಸೆಟ್‌ನಲ್ಲಿ ಮಾತ್ರ ಅಲ್ಲ, ಟಿಬ್ಲಾಸ್ಟ್‌ಎನ್ (ಪ್ರೋಟೀನ್ ಇಟ್ಕೊಂಡು ಡಿಎನ್‌ಎಯಲ್ಲಿ ಹುಡುಕೋ ಬ್ಲಾಸ್ಟ್) ಹಾಕಿ ಜೀನೋಮ್‌ನಲ್ಲೂ ಸಿಗಬಾರದು, ಹತ್ತಿರದ ಇನ್ನೊಂದು ಪ್ರಭೇದದಲ್ಲೂ ಸಿಗಬಾರದು. ತುಂಬಾ ಬದಲಾಗಿ ಸೀಕ್ವೆನ್ಸ್‌ನಲ್ಲಿ ಗುರುತು ಸಿಗದ ಹಾಗಾಗಿದೆಯಾ ಅನ್ನೋ ಅನುಮಾನಕ್ಕೆ ಆಲ್ಫಾಫೋಲ್ಡ್ ಊಹಿಸಿದ ಪ್ರೋಟೀನ್ ರಚನೆಗಳ ಮೇಲೆ ಆಕಾರ ಹೋಲಿಸೋ ಫೋಲ್ಡ್‌ಸೀಕ್ ಓಡ್ಸಿ ನೋಡಬಹುದು, ಆದ್ರೆ ಆಕಾರ ಒಂದೇ ಅಂದ ಮಾತ್ರಕ್ಕೆ ಇದೇ ಕುಟುಂಬ ಅಂತಾಗಲ್ಲ, ಸಿಕ್ಕಿದ್ದನ್ನ ಮತ್ತೆ ಹಂತ 6ರಿಂದ ತರಬೇಕು.

ಇಷ್ಟಾದ್ಮೇಲೂ ವಾಕ್ಯವನ್ನ ಅಳತೆ ಮಾಡಿ ಬರೀರಿ. "ವಿಂಟ್ ಪ್ರಾಣಿಗಳಲ್ಲಿ ಹುಟ್ಟಿತು" ಅನ್ನೋದಕ್ಕಿಂತ "ಸ್ಪಾಂಜ್, ಕೋಂಬ್ ಜೆಲ್ಲಿ ಸೇರಿ ನೋಡಿದ ಪ್ರಾಣಿ ಗುಂಪುಗಳಲ್ಲಿ ವಿಂಟ್ ಇದೆ, ನೋಡಿದ ಇಷ್ಟು ಕೋಆನೋಫ್ಲ್ಯಾಜೆಲೇಟ್‌ಗಳಲ್ಲಿ ಸಿಗಲಿಲ್ಲ" ಅಂತ ಬರೆದು ಪಕ್ಕದಲ್ಲಿ ಜೀವಿಗಳ ಹೆಸರು, ಬುಸ್ಕೋ ಶೇಕಡಾ, ಡೇಟಾಬೇಸ್ ವರ್ಷನ್ ಹಾಕಿ. ಅಲೈನ್‌ಮೆಂಟ್ ಫೈಲ್, ಟ್ರೀ ಫೈಲ್, ಕಿತ್ತು ಹಾಕಿದ ಸೀಕ್ವೆನ್ಸ್‌ಗಳ ಪಟ್ಟಿ ಮೂರನ್ನೂ ಜೊತೆಗೇ ಕೊಡಿ, ಬರೀ ಟ್ರೀ ಚಿತ್ರ ಕೊಟ್ರೆ ಅದನ್ನ ಯಾರೂ ಪರೀಕ್ಷೆ ಮಾಡೋಕಾಗಲ್ಲ.